ಗೂಟದ ಹಲಗೆ

ಹೊರಗಿನಿಂದ ಮನೆಗೆ ಬಂದವರ ಕೈ ಮೊದಲು ಅರಸುವುದು ಕೋಟನ್ನೋ ಚೀಲವನ್ನೋ ತೂಗುಹಾಕಲು ಒಂದು ನೆಲೆಯನ್ನು. ನಮ್ಮ ಹಿರಿಯರು ಅದಕ್ಕೆಂದೇ ಗೋಡೆಯಲ್ಲಿ ಗಿಳಿಗೂಟವನ್ನು ನೆಡುತ್ತಿದ್ದರು. ಬರಿಯ ಮೊಳೆ ಬಡಿದರೆ ಗಾರೆ ಉದುರುತ್ತದೆ. ಬಟ್ಟೆಗೆ ತುಕ್ಕು ಹತ್ತುತ್ತದೆ.

3 ಅಡಿ ಉದ್ದ, 5 ಅಂಗುಲ ಅಗಲ, 1 ಅಂಗುಲ ದಪ್ಪದ ತೇಗದ ಹಲಗೆಯಲ್ಲಿ 7 ಅಂಗುಲಕ್ಕೊಂದರಂತೆ 5 ಗೂಟಗಳನ್ನು ಕೂರಿಸಬಹುದು. ಬೈರಿಗೆಯನ್ನು ತುಸು ಓರೆಯಾಗಿ ಹಿಡಿದು ಕೊರೆದರೆ ಗೂಟದ ತುದಿ ಮೇಲ್ಮೊಗವಾಗಿ ನಿಲ್ಲುತ್ತದೆ, ಬಟ್ಟೆ ಜಾರದು. ಮೇಲಂಚಿನಲ್ಲಿ 7 ಅಂಗುಲ ಅಗಲದ ಇನ್ನೊಂದು ಹಲಗೆಯನ್ನು ಅಡ್ಡಲಾಗಿ ಜೋಡಿಸಿ, ಎರಡೂ ಕಡೆ ಆನಿಕೆ ಕೊಡಿ. ಹಿಂದೆ ಪೇಟವನ್ನಿಡುತ್ತಿದ್ದಂಥ ಜಾಗದಲ್ಲಿ ಇಂದು ಹೆಲ್ಮೆಟ್ಟು ವಿರಾಜಿಸಲಿ.

ಮೇಲಿನ ಭಾರವು ಹಲಗೆಯ ಮೇಲಂಚನ್ನು ಗೋಡೆಯಿಂದ ಹೊರಕ್ಕೆ ಸೆಳೆಯುತ್ತದೆ. ಆದಕಾರಣ ತಿರುಪುಮೊಳೆಗಳು ಆ ಅಂಚಿನ ಸಮೀಪದಲ್ಲಿರಲಿ. ಗಾರೆಯನ್ನು ದಾಟಿ, ಇಟ್ಟಿಗೆಯೊಳಗೆ ಬಿಗಿಯಾಗಿ ಹೂತ ಬಿರಡೆಯನ್ನು ಕಚ್ಚಲಿ.

ಇನ್ನು ಎತ್ತರದ ಮಾತು. ಹಿರಿಯರಿಗೆ 5 ಅಡಿ ಸರಿ. ಆದರೆ 3 ಅಡಿ ಎತ್ತರದಲ್ಲಿ, ತುದಿ ದುಂಡಗಿರುವ ಎರಡು ಗೂಟಗಳ ಕಿರುಹಲಗೆಯೊಂದನ್ನೂ ಹೂಡಿರಿ. ಎಟುಕದ ಗೂಟದ ಕೆಳಗೆ ನಿಂತ ಮಗುವಿಗೆ ಶಿಸ್ತನ್ನು ಬೋಧಿಸಿ ಫಲವೇನು? ಮೊದಲು ಗೂಟ ಕೈಗೆಟುಕಲಿ. ಚೀಲ ನೆಲದಲ್ಲಿ ಬಿದ್ದುದಕ್ಕೆ ಗದರುವ ಅಧಿಕಾರ ನಮಗೆ ಆಮೇಲೆ ಬರುತ್ತದೆ.