‘ಎರಡೇ ಪೀಸ್ ಉಳಿದಿದೆ!’

ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಶಾ ಬಜಾರಿನಲ್ಲೋ ಒಂದು ಸೀರೆ ಕೊಳ್ಳುವುದೆಂದರೆ ಇಂದಿಗೂ ಅರ್ಧ ದಿನದ ಕೆಲಸ. ನಾಲ್ಕು ಅಂಗಡಿ ಹತ್ತಿಳಿದು, ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಚೌಕಾಸಿ ಮಾಡಿ, ಬೆಲೆ ಹೊಂದದಿದ್ದರೆ ಎದ್ದು ಹೊರಡುವ ಹಕ್ಕು ಗಿರಾಕಿಗಿದೆ. ಹಾಗೆ ಹೊರಟವರನ್ನು ಅಂಗಡಿಯವನೇ ಕರೆದು ಬೆಲೆ ಇಳಿಸುವುದೂ ಉಂಟು.

ಆದರೆ ಈಗ ಅದೇ ಮನೆಗಳಲ್ಲಿ ಮಕ್ಕಳು ಮಲಗಿದ ಬಳಿಕ ಇನ್ನೊಂದು ಬಜಾರು ತೆರೆದುಕೊಳ್ಳುತ್ತದೆ. ಮೊಬೈಲ್ ಪರದೆಯ ನೇರಪ್ರಸಾರದಲ್ಲಿ ಮಾರಾಟಗಾರ್ತಿ ಸೀರೆಯೊಂದನ್ನು ಎತ್ತಿ ಹಿಡಿದು, ‘ಎರಡೇ ಪೀಸ್ ಉಳಿದಿದೆ, ಬೇಗ ಸ್ಕ್ರೀನ್‌ಶಾಟ್ ಕಳಿಸಿ’ ಎನ್ನುತ್ತಾಳೆ. ಬುಕ್ ಮಾಡಿದವರ ಹೆಸರನ್ನು ಗಟ್ಟಿಯಾಗಿ ಓದುತ್ತಾಳೆ. ಅಷ್ಟರಲ್ಲಿ ನೋಡುತ್ತಿದ್ದವರ ಬೆರಳು ಹಣ ಕಳುಹಿಸಿಯಾಗಿರುತ್ತದೆ! ನೋಟು ಎಣಿಸಿ ಕೊಡುವಾಗ ಕೈ ತುಸು ತಡೆಯುತ್ತಿತ್ತು. ಯುಪಿಐಯಲ್ಲಿ ಆ ತಡೆಯೂ ಇಲ್ಲ. ಸೀರೆ ಬೇಕಿತ್ತೇ ಎಂಬ ಪ್ರಶ್ನೆ ಏಳುವುದು ಮರುದಿನ, ಶಾಲೆಯ ಫೀಸು ನೆನಪಾದಾಗ. ಇದು ಹೆಂಗಸರ ದೌರ್ಬಲ್ಯವೆಂದು ನಗುವ ಗಂಡಸರು ತಮ್ಮ ವಾಚು, ಅತ್ತರು, ಇಯರ್‌ಫೋನುಗಳನ್ನೊಮ್ಮೆ ಲೆಕ್ಕ ಹಾಕಲಿ.

ಚೀನಾದಲ್ಲಿ 2016ರಲ್ಲಿ ತಾವೊಬಾವೊ ಲೈವ್ ಆರಂಭವಾದಂದಿನಿಂದ ಈ ವಿಧಾನ ದೊಡ್ಡ ಉದ್ಯಮವಾಗಿ ಬೆಳೆದಿದೆ. ಕೊಳ್ಳುವವನಿಗೆ ಯೋಚಿಸಲು ಸಮಯ ಕೊಡದಿರುವುದೇ ಅದರ ಬಂಡವಾಳ. ನಮ್ಮ ಕಾನೂನು ಇದನ್ನು ಗುರುತಿಸದೆ ಇಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿದ್ದು, ಅವುಗಳಲ್ಲಿ ಮೊದಲನೆಯದೇ ಸುಳ್ಳು ಅವಸರ ಹುಟ್ಟಿಸುವುದು. ಆದರೆ ನೇರಪ್ರಸಾರದಲ್ಲಿ ಆಡಿದ ಮಾತು ಗಾಳಿಯಲ್ಲಿ ಹೋಗುತ್ತದೆ. ಎರಡೇ ಪೀಸ್ ಇತ್ತೋ ಇನ್ನೂರಿತ್ತೋ, ಎಣಿಸಿದವರು ಯಾರು? ಬಣ್ಣ ಬೇರೆಯಾಗಿ ಬಂದರೆ, ಪಾರ್ಸೆಲ್ ಬಿಚ್ಚುವಾಗಿನ ವೀಡಿಯೋ ಇಲ್ಲದೆ ವಾಪಸ್ ಪಡೆಯುವುದಿಲ್ಲವೆಂಬ ಉತ್ತರ. ಬಿಲ್ಲಂತೂ ಕೇಳುವಂತೆಯೇ ಇಲ್ಲ.

ಹಾಗಂತ ಈ ವ್ಯಾಪಾರವನ್ನೇ ನಾವು ಖಂಡಿಸುತ್ತಿಲ್ಲ. ಮಳಿಗೆಯ ಬಾಡಿಗೆ ಕಟ್ಟಲಾಗದ ಎಷ್ಟೋ ಸಹೋದರಿಯರಿಗೆ ಮನೆಯಿಂದಲೇ ನಾಲ್ಕು ಕಾಸು ಕಾಣುವ ದಾರಿ ಇದು. ಅದನ್ನು ಮುಚ್ಚಬೇಕೆನ್ನುವವರು ಅವರ ಒಲೆಯ ಬಗ್ಗೆಯೂ ಹೇಳಬೇಕಾಗುತ್ತದೆ.

ಕೊಳ್ಳುವವರು ಮೆಚ್ಚಿದ ವಸ್ತುವಿನ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಹಣವನ್ನು ಬೆಳಗ್ಗೆ ಕಳುಹಿಸಿ ನೋಡಲಿ. ಮೋಸವಾದರೆ ಸಂದೇಶ, ಪಾವತಿಯ ದಾಖಲೆಗಳನ್ನು ಉಳಿಸಿಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಇನ್ನು ನೇರಪ್ರಸಾರಕ್ಕಿಳಿದಿರುವ ಅವಳಿ ನಗರದ ವ್ಯಾಪಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಉಳಿದ ಪೀಸಿನ ನಿಜವಾದ ಲೆಕ್ಕ ಹೇಳಿ, ಮತ್ತು ಪಾರ್ಸೆಲ್ಲಿನೊಳಗೆ ಒಂದು ಬಿಲ್ ಇಡಿ.