ಹತ್ತೊಂಬತ್ತು ಅಕ್ಷರದ ಕೆಮ್ಮು

ದೇವನಹಳ್ಳಿಯ ಒಂದು ಮನೆಯ ಜಗಲಿ. ಕಾಲೇಜಿನ ಹುಡುಗನೊಬ್ಬ ಒಂದೇ ಉಸಿರಿನಲ್ಲಿ ಭಾರಿ ಪದವೊಂದನ್ನು ಒಪ್ಪಿಸುತ್ತಾನೆ. ಕೊಯಿರದ ಕಲ್ಲಿನ ಮೇಲೆ ಉಳಿ ಆಡಿಸಿ ಮುದುಕನಾದ ತಾತ ಕೆಮ್ಮನ್ನು ತಡೆದುಕೊಂಡು ಕೇಳುತ್ತಾನೆ: “ಅದೇನು ಮಗಾ, ಮಂತ್ರವೆ?”

ಮಂತ್ರವಲ್ಲ, ರೋಗದ ಹೆಸರು. ಇಂಗ್ಲಿಷಿನಲ್ಲಿ ಬರೆದರೆ ೪೫ ಅಕ್ಷರ. ೧೯೩೫ರಲ್ಲಿ ಅಮೆರಿಕದ ಒಗಟುಗಾರರ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್ ಎಂಬಾತ, ಅತಿ ಉದ್ದದ ಪದವಾಗಲೆಂದೇ ಇದನ್ನು ಹೊಸೆದ. ಮೊದಲಿನ ‘ಪಿ’ ಬರವಣಿಗೆಗೆ ಮಾತ್ರ, ನಾಲಗೆಗೆ ಇಲ್ಲ. ಕನ್ನಡದಲ್ಲಿ ಬಿಡಿಸಿ ಬರೆದರೆ ಅರ್ಧ ಹೆದರಿಕೆ ಇಳಿಯುತ್ತದೆ: ನ್ಯೂ-ಮೊ-ನೊ, ಅಲ್-ಟ್ರಾ, ಮೈ-ಕ್ರೊ, ಸ್ಕಾ-ಪಿಕ್, ಸಿ-ಲಿ-ಕೊ, ವಾಲ್-ಕೇ-ನೊ, ಕೋ-ನಿ-ಯೋ-ಸಿಸ್. ಎಣಿಸಿದರೆ ೧೯, ಶಾರ್ದೂಲವಿಕ್ರೀಡಿತದ ಒಂದು ಪಾದಕ್ಕೆ ಬೇಕಾದಷ್ಟೇ! ಗಣಗಳೇನೋ ಹೊಂದುವುದಿಲ್ಲ.

ಇನ್ನು ಅರ್ಥ. ನ್ಯೂಮೊನೊ ಎಂದರೆ ಶ್ವಾಸಕೋಶ, ಅಲ್ಟ್ರಾ, ಮೀರಿದ್ದು, ಮೈಕ್ರೊ, ಸೂಕ್ಷ್ಮ, ಸ್ಕಾಪಿಕ್, ನೋಟಕ್ಕೆ ಸೇರಿದ್ದು, ಸಿಲಿಕೊ, ಬೆಣಚುಕಲ್ಲಿನ ದ್ರವ್ಯ, ವಾಲ್ಕೇನೊ, ಜ್ವಾಲಾಮುಖಿ, ಕೋನಿ, ಧೂಳು, ಓಸಿಸ್, ರೋಗಸ್ಥಿತಿ. ಕೋನಿ, ಓಸಿಸ್ ಕೂಡುವಲ್ಲಿ ಕನ್ನಡದ ಬಾಯಿ ತಾನಾಗಿ ಯಕಾರಾಗಮ ಮಾಡಿಕೊಳ್ಳುತ್ತದೆ.

ಇವುಗಳಲ್ಲಿ ಅಲ್ಟ್ರಾ, ಸಿಲಿಕೊ, ವಾಲ್ಕೇನೊ ಲ್ಯಾಟಿನ್ ಮೂಲದವು, ಮಿಕ್ಕವು ಗ್ರೀಕ್. ಸಂಸ್ಕೃತಕ್ಕೆ ಕನ್ನಡವನ್ನು ಬೆಸೆದರೆ ಅರಿಸಮಾಸವೆಂದು ಗದರಿಸಿದ ಕೇಶಿರಾಜ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೆ ಬಿರುದಾವಳಿಗೆ ಆತ ವಿನಾಯಿತಿ ಕೊಟ್ಟಿದ್ದಾನೆ. ಇದೂ ಒಂದು ಬಿರುದಾವಳಿಯೇ. ವೈದ್ಯರು ನಿತ್ಯದ ವ್ಯವಹಾರದಲ್ಲಿ ಇದನ್ನು ಬಳಸುವುದಿಲ್ಲ. ಅವರಿಗೆ ‘ಸಿಲಿಕೋಸಿಸ್’ ಎಂದರೆ ಸಾಕು.

ಪದ ಆಟದ್ದಾದರೂ ರೋಗ ಆಟದ್ದಲ್ಲ. ಅದಕ್ಕೆ ಜ್ವಾಲಾಮುಖಿಯೂ ಬೇಕಿಲ್ಲ. ನಮ್ಮ ಗ್ರಾನೈಟಿನಲ್ಲೇ ಬೆಣಚು ಉಂಟು. ಕಲ್ಲು ಒಡೆಯುವಾಗ, ಕೊರೆಯುವಾಗ ಏಳುವ ಕಣ್ಣಿಗೆ ಕಾಣದ ಧೂಳು ಶ್ವಾಸಕೋಶದ ಆಳಕ್ಕಿಳಿದು ಕಲೆಗಟ್ಟಿಸುತ್ತದೆ. ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಕಟ್ಟಿದ ಕಲೆಯನ್ನು ಅಳಿಸುವ ಔಷಧವಿಲ್ಲ. ತಡೆಯುವ ಮಾರ್ಗ ಉಂಟು: ಕಲ್ಲಿಗೆ ನೀರು ಹಾಯಿಸಿ ಕೆಲಸ ಮಾಡುವುದು, ಧೂಳನ್ನು ಹೀರಿ ತೆಗೆಯುವ ಯಂತ್ರ, ತಕ್ಕ ಮುಖಗವಸು. ೧೯೪೮ರ ಕಾರ್ಖಾನೆ ಕಾಯ್ದೆಯೇ ಇದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಸಾಲಿಗೆ ಸೇರಿಸಿತ್ತು. ಆದರೆ ಹೆಸರು ತಿಳಿಯದ ರೋಗವನ್ನು ವರದಿ ಮಾಡುವವರು ಯಾರು? ಎಷ್ಟೋ ಮನೆಗಳಲ್ಲಿ ಅದು ಬರಿಯ ‘ಕೆಮ್ಮು’.

ಹುಡುಗ ಎಲ್ಲವನ್ನೂ ಬಿಡಿಸಿ ಹೇಳಿದ. ತಾತ ತನ್ನ ಅಂಗೈಗಳನ್ನು ನೋಡಿಕೊಂಡು ನುಡಿದ: “ಕಲ್ಲುದೂಳಿನ ರೋಗ ಅನ್ನು ಮಗಾ. ಹಾಗಂದಿದ್ದರೆ ನಾವು ಅಂದೇ ಮೂಗಿಗೆ ಬಟ್ಟೆ ಕಟ್ಟಿ, ಕಲ್ಲಿಗೆ ನೀರು ಹೊಯ್ಯುತ್ತಿದ್ದೆವು.”

ಹುಡುಗ ಆ ಉದ್ದದ ಪದವನ್ನು ಮತ್ತೆ ಒಪ್ಪಿಸಲಿಲ್ಲ. ಮರುದಿನ ತಾತನನ್ನು ಆಸ್ಪತ್ರೆಗೆ ಕರೆದೊಯ್ದು, ಈತ ಎಷ್ಟು ವರ್ಷ ಕಲ್ಲು ಕಡೆದವನೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಿದ.