ಬಳೆ ಸದ್ದು ಕೇಳಿಸ್ತಾ, ತಾತ?

ಮಕ್ಕಳೇ, ತೆಂಗಿನಕಾಯಿ ಕೊಳ್ಳುವಾಗ ನಿಮ್ಮ ಅಜ್ಜಿ ಏನು ಮಾಡುತ್ತಾರೆ, ಗಮನಿಸಿದ್ದೀರಾ? ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಬೆರಳಿನ ಗೆಣ್ಣಿನಿಂದ ಒಂದೆರಡು ಸಲ ಕುಟ್ಟುತ್ತಾರೆ. ಸದ್ದು ಮನಸ್ಸಿಗೆ ಬಂದರೆ ಮಾತ್ರ ಅದು ಚೀಲಕ್ಕೆ ಇಳಿಯುತ್ತದೆ. ಮಣ್ಣಿನ ಮಡಕೆ ಕೊಳ್ಳುವವರೂ ಹೀಗೆಯೇ ಮಾಡುತ್ತಾರೆ. ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ ಎಂದರ್ಥ. ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಕ್ಯಾಷಿಯರ್ ಒಬ್ಬರು ಹಳೆಯ ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಟಣ್ಣೆನಿಸಿ, ಕಣ್ಣು ಮುಚ್ಚಿಕೊಂಡೇ ಅಸಲಿಯೋ ನಕಲಿಯೋ ಹೇಳುತ್ತಿದ್ದರು.

ಕಿವಿಯಿಂದ ಬೆಲೆ ಕಟ್ಟುವ ಈ ವಿದ್ಯೆ ನನಗೂ ಸ್ವಲ್ಪ ಬರುತ್ತದೆ ಎಂದು ನಾನು ಎಪ್ಪತ್ತು ದಾಟುವವರೆಗೂ ನಂಬಿಕೊಂಡಿದ್ದೆ. ಆ ನಂಬಿಕೆಯ ಕಥೆಯೇ ಈ ವಾರದ ಅಂಕಣ.

ಈ ಸಲದ ಹುಟ್ಟುಹಬ್ಬಕ್ಕೆ ಮಗ ನನಗೊಂದು ಜೊತೆ ಇಯರ್‌ಬಡ್ ತಂದುಕೊಟ್ಟ. ಕಡಲೆಕಾಯಿ ಗಾತ್ರದ ಎರಡು ವಸ್ತು, ಅವಕ್ಕೊಂದು ಪುಟ್ಟ ಡಬ್ಬಿ. ಬೆಳಗಿನ ಜಾವ ಸಂಗೀತ ಹಾಕಿ ಮನೆಯವರನ್ನೆಲ್ಲ ಎಬ್ಬಿಸುವ ನನ್ನ ಅಭ್ಯಾಸಕ್ಕೆ ಅವನು ಕಂಡುಕೊಂಡ ಉಪಾಯವಿರಬೇಕು. ಎರಡು ದಿನ ಕೇಳಿ, ಮೂರನೆಯ ದಿನ ತೀರ್ಪು ಕೊಟ್ಟೆ: ‘ಚೆನ್ನಾಗಿಲ್ಲ ಕಣಪ್ಪ. ಎಲ್ಲ ಮಂಕು ಮಂಕು. ಹಾಡುವವರು ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು ಹಾಡಿದ ಹಾಗಿದೆ. ವಾಪಸ್ ಕೊಟ್ಟುಬಿಡು.’

ಏಳನೇ ತರಗತಿಯ ಮೊಮ್ಮಗಳು ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ‘ತಾತ, ನೀವು ಬ್ಯಾಂಕಲ್ಲಿ ವೋಚರ್ ನೋಡದೆ ದುಡ್ಡು ಕೊಡ್ತಿದ್ರಾ? ಪರೀಕ್ಷೆ ಮಾಡದೆ ಹೇಗೆ ಫೇಲ್ ಮಾಡ್ತೀರಾ?’ ಎಂದಳು. ಮಾತು ನ್ಯಾಯವಾಗಿತ್ತು. ಭಾನುವಾರ ಊಟವಾದ ಮೇಲೆ ಪರೀಕ್ಷೆ ಎಂದು ಗೊತ್ತಾಯಿತು.

ಪರೀಕ್ಷೆಗೆ ಮೂರು ಜೊತೆ ಸಿಕ್ಕವು. ಮೊಮ್ಮಗಳ ಹತ್ತಿರವಿದ್ದ 400 ರೂಪಾಯಿಯ ತಂತಿಯದು, ನನ್ನ ಹುಟ್ಟುಹಬ್ಬದ 1,800 ರೂಪಾಯಿಯದು ಮತ್ತು ಮಗ ಆಫೀಸಿಗೆ ಒಯ್ಯುವ, ಬೆಲೆ ಕೇಳಿದರೆ ನನಗೆ ತಲೆ ಸುತ್ತುವಂಥದ್ದು. ಇಷ್ಟು ಬೆಲೆ ವ್ಯತ್ಯಾಸವಿದ್ದರೂ ಬಹುತೇಕ ಇಯರ್‌ಬಡ್‌ಗಳ ಒಳಗಿನ ಕೆಲಸ ಒಂದೇ. ಒಂದು ತೆಳುವಾದ ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಪಕ್ಕದಲ್ಲೊಂದು ಆಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ ಏರಿಳಿದಂತೆ ಪೊರೆ ಹಿಂದಕ್ಕೂ ಮುಂದಕ್ಕೂ ನಡುಗುತ್ತದೆ. ಆ ನಡುಕವೇ ಗಾಳಿಯನ್ನು ತಳ್ಳಿ ಸದ್ದಾಗುತ್ತದೆ. ಪೊರೆ ಎಷ್ಟು ಪ್ರಾಮಾಣಿಕವಾಗಿ ನಡುಗುತ್ತದೆ ಎಂಬುದರ ಮೇಲೆ ಸದ್ದಿನ ಗುಣ ನಿಂತಿದೆ.

ನಾವು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಕಲಂ ಮಾಡಿದೆವು. ನೀವೂ ಮನೆಯಲ್ಲಿ ಮಾಡಿ ನೋಡಬಹುದು.

ಮೊದಲನೆಯದು, ಕಿವಿಗೆ ಹೊಂದಿಕೆ. ಇಯರ್‌ಬಡ್ ಜೊತೆಗೆ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯ ಮೆತ್ತನೆಯ ಟಿಪ್ ಬರುತ್ತವೆ. ಬಹಳ ಜನ ಡಬ್ಬಿಯಲ್ಲಿ ಹಾಕಿಬಂದದ್ದನ್ನೇ ಬಳಸಿ, ಉಳಿದದ್ದನ್ನು ಎಸೆಯುತ್ತಾರೆ. ಟಿಪ್ ಸಡಿಲವಾದರೆ ತಗ್ಗು ಸ್ವರವೆಲ್ಲ ಸಂದಿಯಿಂದ ಸೋರಿ ಹೋಗುತ್ತದೆ. ಮೃದಂಗ ಹೋಗಿ ರಟ್ಟಿನ ಡಬ್ಬಿ ಬಡಿದಂತೆ ಕೇಳುತ್ತದೆ. ನನ್ನ ಬಲಗಿವಿಗೆ ಮಧ್ಯಮ, ಎಡಗಿವಿಗೆ ದೊಡ್ಡದು ಸರಿಯಾಯಿತು. ಎರಡು ಕಿವಿಯ ಅಳತೆ ಒಂದೇ ಇರಬೇಕೆಂದೇನೂ ಇಲ್ಲ.

ಎರಡನೆಯದು, ಎಡ-ಬಲ. ಎರಡೂ ಬಡ್ ಸಮನಾಗಿ ನುಡಿದರೆ ವಾರ್ತೆ ಓದುವವರ ದನಿ ನಮ್ಮ ಹಣೆಯ ನಟ್ಟನಡುವೆ ಕೂತ ಹಾಗಿರುತ್ತದೆ. ಒಂದು ಪಕ್ಕಕ್ಕೆ ವಾಲಿದರೆ ಒಂದರ ಬಾಯಿಗೆ ಕಿವಿಯ ಗುಗ್ಗೆ ಮೆತ್ತಿಕೊಂಡಿದೆಯೋ ಎಂದು ಮೊದಲು ನೋಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಅಷ್ಟರಲ್ಲೇ ರಿಪೇರಿ ಮುಗಿಯುತ್ತದೆ.

ಮೂರನೆಯದು, ಸಮ ತೂಕ. ಒಂದೇ ಹಾಡನ್ನು ಎರಡು ಬಡ್‌ಗಳಲ್ಲಿ ಕೇಳಿಸಿ, ಒಂದನ್ನು ಚೂರು ಜೋರಾಗಿ ಇಟ್ಟರೆ ಜೋರಾದದ್ದೇ ಚೆನ್ನಾಗಿದೆ ಎಂದು ನಮ್ಮ ಕಿವಿ ಮೋಸ ಹೋಗುತ್ತದೆ. ಆದ್ದರಿಂದ ಹೋಲಿಸುವ ಮೊದಲು ಎರಡರ ದನಿಯನ್ನೂ ಸಮ ಮಾಡಿಕೊಳ್ಳಬೇಕು. ತಕ್ಕಡಿಯ ಎರಡೂ ತಟ್ಟೆ ಸಮ ಇಲ್ಲದೆ ಅಕ್ಕಿ ತೂಗಿಸಿಕೊಳ್ಳುತ್ತೀರಾ?

ನಾಲ್ಕನೆಯದು, ಪರಿಚಯದ ಹಾಡು. ನೂರು ಸಲ ಕೇಳಿರುವ ಹಾಡನ್ನೇ ಆರಿಸಿಕೊಳ್ಳಿ. ಅದರಲ್ಲಿ ಮೃದಂಗವಿದ್ದರೆ ಇನ್ನೂ ಒಳ್ಳೆಯದು. ಎಡಗೈ ಮುಖ ಗುಂ ಎಂದು ತಗ್ಗು ಸ್ವರವನ್ನೂ ಬಲಗೈ ಮುಖ ಚುರುಕಾದ ಮೇಲು ಸ್ವರವನ್ನೂ ಕೊಡುತ್ತವೆ, ಒಂದೇ ವಾದ್ಯದಲ್ಲಿ ಎರಡೂ ಪರೀಕ್ಷೆ ಆಗುತ್ತದೆ. ಬಲಮುಖದ ನಡುವೆ ಕಪ್ಪು ಲೇಪವಿರುತ್ತದಲ್ಲ, ಅದರಿಂದಲೇ ಮೃದಂಗದ ಪೆಟ್ಟಿಗೆ ತಂತಿವಾದ್ಯದಂಥ ಇಂಪು ಬರುತ್ತದೆ ಎಂದು ಸರ್ ಸಿ.ವಿ. ರಾಮನ್ 1920ರಲ್ಲೇ ತಮ್ಮ ಸಹೋದ್ಯೋಗಿಯೊಂದಿಗೆ ಬರೆದು ತೋರಿಸಿದ್ದರು. ಒಳ್ಳೆಯ ಇಯರ್‌ಬಡ್ಡಿನಲ್ಲಿ ಆ ಇಂಪು ಕಳೆದುಹೋಗಬಾರದು.

ನಾನು ಆರಿಸಿದ ಹಾಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 1984ರ ನವರಾತ್ರಿಯಲ್ಲಿ, ಗೊಂಬೆ ಕೂರಿಸಿದ್ದ ನಮ್ಮ ಮನೆಯಲ್ಲಿ, ನನ್ನ ಹೆಂಡತಿ ದೇವರನಾಮ ಹಾಡಿದ್ದಳು. ಪಕ್ಕದ ಮನೆಯ ಹುಡುಗ ಮೃದಂಗ ನುಡಿಸಿದ್ದ. ಸಾಲ ಮಾಡಿ ಕೊಂಡಿದ್ದ ಟೇಪ್ ರೆಕಾರ್ಡರಿನಲ್ಲಿ ನಾನೇ ಹಿಡಿದಿಟ್ಟಿದ್ದ ಕ್ಯಾಸೆಟ್ ಅದು. ಮಗ ಅದನ್ನು ಮೊಬೈಲಿಗೆ ಇಳಿಸಿಕೊಟ್ಟಿದ್ದಾನೆ.

ಯಾವುದು ಯಾವ ಬೆಲೆಯದೆಂದು ತಿಳಿಯದಂತೆ, ಕಣ್ಣು ಮುಚ್ಚಿಸಿ, ಒಬ್ಬರಿಗೊಬ್ಬರು ಬಡ್ ಹಾಕಿದೆವು. ಹತ್ತಕ್ಕೆ ಇಷ್ಟು ಎಂದು ಅಂಕ ಬರೆದೆವು. ಮೊಮ್ಮಗಳು ತಂತಿಯದಕ್ಕೆ 4, ನನ್ನದಕ್ಕೆ 8, ಅವಳಪ್ಪನದಕ್ಕೆ 7 ಕೊಟ್ಟಳು. ‘ಅಪ್ಪಂದು ಗುಂ ಗುಂ ಜಾಸ್ತಿ, ಅಜ್ಜಿ ದನಿ ಅದರ ಹಿಂದೆ ಅಡಗಿಕೊಂಡಿದೆ’ ಎಂದು ಷರಾ ಬೇರೆ ಬರೆದಳು. ಬೆಲೆ ಹೆಚ್ಚಾದ ಮಾತ್ರಕ್ಕೆ ಅಂಕ ಹೆಚ್ಚಲಿಲ್ಲ, ನೋಡಿ.

ನನ್ನ ಅಂಕ? 5, 5, 5. ಮೂರೂ ಮಂಕು.

‘ದನಿ ಸ್ವಲ್ಪ ಏರಿಸ್ತೀನಿ’ ಎಂದು ನಾನು ಒತ್ತುತ್ತಲೇ ಇದ್ದೆ. ಕೊನೆಗೆ ಮೊಮ್ಮಗಳು ‘ಎಲ್ಲಿ, ನಾನೂ ಕೇಳ್ತೀನಿ’ ಎಂದು ನನ್ನ ಕಿವಿಯ ಬಡ್ ತೆಗೆದು ತನ್ನ ಕಿವಿಗೆ ಹಾಕಿಕೊಂಡಳು. ಮರುಕ್ಷಣವೇ ‘ಅಯ್ಯೋ!’ ಎಂದು ಕಿರುಚಿ ಕಿತ್ತೆಸೆದಳು. ಕಣ್ಣಲ್ಲಿ ನೀರು ಬಂದಿತ್ತು. ‘ಇಷ್ಟು ಜೋರಾಗಿ ಕೇಳ್ತಿದ್ರಾ ತಾತ?’

ನಾನು ಪೆಚ್ಚಾದೆ. ಅವಳನ್ನು ಸಮಾಧಾನ ಮಾಡಿ, ದನಿ ಪೂರ್ತಿ ಇಳಿಸಿ, ಮತ್ತೆ ಹಾಡು ಹಾಕಿದೆವು. ಈಗ ಅವಳು ಬಡ್ ಹಾಕಿಕೊಂಡು ತಲೆದೂಗುತ್ತಾ, ‘ಅಜ್ಜಿ ತೊಡೆ ಮೇಲೆ ತಾಳ ಹಾಕ್ತಿದ್ರಾ? ಬಳೆ ಸದ್ದು ಎಷ್ಟು ಚೆನ್ನಾಗಿ ಕೇಳಿಸುತ್ತೆ! ಕಿಣಿ ಕಿಣಿ ಅಂತ. ಬಳೆ ಸದ್ದು ಕೇಳಿಸ್ತಾ, ತಾತ?’ ಎಂದಳು.

ನನಗೆ ಕೇಳಿಸಿರಲಿಲ್ಲ. ಬಳೆ ಇತ್ತೆಂಬುದು ನನಗೆ ಚೆನ್ನಾಗಿ ಗೊತ್ತು, ಹಸಿರು ಗಾಜಿನ ಬಳೆ. ಆ ರಾತ್ರಿ ನಾನು ಎದುರಿಗೇ ಕೂತಿದ್ದೆ. ಬಡ್ ಹಾಕಿಕೊಂಡು ಮೂರು ಸಲ ಕೇಳಿದೆ. ಹಾಡಿತ್ತು, ಮೃದಂಗವಿತ್ತು, ಬಳೆ ಇರಲಿಲ್ಲ.

ಬ್ಯಾಂಕಿನಲ್ಲಿ ನಮಗೊಂದು ಪಾಠ ಕಲಿಸಿದ್ದರು. ಒಂದು ಲೆಡ್ಜರ್ ಟ್ಯಾಲಿ ಆಗದಿದ್ದರೆ ಆ ಲೆಡ್ಜರಿನಲ್ಲಿ ತಪ್ಪು ಹುಡುಕು. ಬೇರೆ ಬೇರೆ ಮೂರು ಲೆಡ್ಜರಿನಲ್ಲಿ ಒಂದೇ ತರಹದ ತಪ್ಪು ಕಂಡರೆ ಲೆಡ್ಜರ್ ಮುಚ್ಚಿ, ಬರೆದ ಗುಮಾಸ್ತನನ್ನು ವಿಚಾರಿಸು. ಮೂರು ಇಯರ್‌ಬಡ್‌ಗಳೂ ಒಂದೇ ತರಹ ಮಂಕಾಗಿದ್ದರೆ ತಪ್ಪು ಎಲ್ಲಿತ್ತು, ಹೇಳಿ?

ಮೊಮ್ಮಗಳು ಮೊಬೈಲಿನಲ್ಲಿ ಒಂದೊಂದೇ ಸ್ವರ ಕೇಳಿಸುವ ಆಪ್ ತೆರೆದಳು. ಸದ್ದಿನ ಕಂಪನವನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಎಳೆಯ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು. 1,000ಕ್ಕೆ ಇಬ್ಬರೂ ಕೈ ಎತ್ತಿದೆವು. 2,000ಕ್ಕೂ ಎತ್ತಿದೆವು. 4,000ಕ್ಕೆ ನಾನು ಅನುಮಾನಿಸಿದೆ. 8,000ಕ್ಕೆ ಅವಳ ಕೈ ಮಾತ್ರ ಮೇಲಿತ್ತು. 14,000ದಲ್ಲೂ ಅವಳ ಕೈ ಇಳಿದಿರಲಿಲ್ಲ. ನಾನು ನಿಶ್ಶಬ್ದದಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನನ್ನ ಹೆಂಡತಿ ಹೇಳಿದಳು: ‘ಹತ್ತು ವರ್ಷದಿಂದ ನಾನು ಹೇಳ್ತಿದ್ದೀನಲ್ಲ, ನಿಮಗೆ ಕಿವಿ ಮಂದ ಆಗಿದೆ ಅಂತ. ಅದೂ ಕೇಳಿಸಿರಲಿಲ್ಲವಾ?’

ಕೇಳಿಸಿತ್ತು. ಆದರೆ ‘ನೀನೇ ಗೊಣಗೊಣ ಅಂತ ಮಾತಾಡ್ತೀಯ, ಬಾಯಿ ಬಿಟ್ಟು ಹೇಳು’ ಎಂದು ನಾನೇ ಗದರುತ್ತಿದ್ದೆ. ಸೊಪ್ಪು ತನ್ನಿ ಎಂದರೆ ತುಪ್ಪ ತಂದದ್ದು, ಮದುವೆಮನೆಯ ಗದ್ದಲದಲ್ಲಿ ಸುಮ್ಮನೆ ನಕ್ಕು ತಲೆಯಾಡಿಸಿದ್ದು ಎಲ್ಲವೂ ಒಂದೊಂದಾಗಿ ನೆನಪಾಯಿತು. ಹತ್ತು ವರ್ಷ ತಪ್ಪನ್ನು ಅವಳ ಖಾತೆಗೆ ಬರೆದಿದ್ದೆ.

ಮರುವಾರ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಆಮೇಲೆ ಒಂದು ಗ್ರಾಫ್ ತೋರಿಸಿದರು. ತಗ್ಗು ಸ್ವರಗಳ ಕಡೆ ಗೆರೆ ಸಮವಾಗಿತ್ತು, ಮೇಲು ಸ್ವರಗಳ ಕಡೆ ಚಾಮುಂಡಿಬೆಟ್ಟದ ಮೆಟ್ಟಿಲಿನ ಹಾಗೆ ಇಳಿದಿತ್ತು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಮೇಲು ಸ್ವರಗಳನ್ನೇ. ಸ, ಶ, ತ ಮುಂತಾದ ಅಕ್ಷರಗಳ ಗುರುತು ಇರುವುದೂ ಅಲ್ಲೇ. ಅದಕ್ಕೇ ‘ಮಾತು ಕೇಳುತ್ತೆ, ಏನೆಂದು ತಿಳಿಯೋದಿಲ್ಲ’ ಎಂದು ನನ್ನ ವಯಸ್ಸಿನವರು ಹೇಳುವುದು.

ಈಗ ಮಕ್ಕಳಿಗೆ ಒಂದು ಮಾತು. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗವಿದೆ. ಅದರಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಹುಟ್ಟುವಾಗ ಸುಮಾರು 15,000 ಇರುತ್ತವೆ. ಅದೇ ನಿಮ್ಮ ಜೀವಮಾನದ ಠೇವಣಿ. ಖರ್ಚಾದರೆ ಮತ್ತೆ ಜಮೆ ಇಲ್ಲ, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ವಯಸ್ಸು ಕಳೆಯುವುದನ್ನು ತಡೆಯಲಾಗದು. ಜೋರು ಸದ್ದಿನಿಂದ ಕಳೆಯುವುದನ್ನು ತಡೆಯಬಹುದು. ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ 75 ಡೆಸಿಬೆಲ್ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರತಿ 3 ಡೆಸಿಬೆಲ್ ಏರಿದಂತೆ ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ. 80ಕ್ಕೆ 40 ಗಂಟೆಯಾದರೆ 83ಕ್ಕೆ 20, 86ಕ್ಕೆ ಬರೀ 10. ಚಕ್ರಬಡ್ಡಿ ಉಲ್ಟಾ ತಿರುಗಿದ ಹಾಗೆ. ಬಸ್ಸಿನ ಗದ್ದಲದಲ್ಲಿ ದನಿ ಏರಿಸಿದರೆ ಈ ಲೆಕ್ಕ ಎಷ್ಟು ಬೇಗ ಮುಗಿಯುತ್ತದೆ, ನೀವೇ ಮಾಡಿ ನೋಡಿ. ರಸ್ತೆ ದಾಟುವಾಗಲಂತೂ ಬಡ್ ಡಬ್ಬಿಯಲ್ಲೇ ಇರಲಿ.

ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಬ್ಯಾಂಕಿನ ಲಾಕರ್‌ಗೆ ಎರಡು ಕೀಲಿಕೈ, ಒಂದು ಗ್ರಾಹಕರದು, ಇನ್ನೊಂದು ಬ್ಯಾಂಕಿನದು. ಎರಡೂ ಸೇರದೆ ಲಾಕರ್ ತೆರೆಯದು. ಮೊಮ್ಮಗಳು ಹಾಡು ಕೇಳುವ ಮೊಬೈಲಿನಲ್ಲಿ ದನಿಗೆ ಮಿತಿ ಹಾಕಿ, ನಾಲ್ಕು ಅಂಕಿಯ ಬೀಗ ಹಾಕಿದ್ದೇವೆ. ಮೊದಲೆರಡು ಅಂಕಿ ಅವಳಿಗೆ ಗೊತ್ತು, ಕೊನೆಯ ಎರಡು ನನಗೆ. ನನ್ನ ಕಡೆಯಿಂದ ಷರತ್ತೆಂದರೆ, ನಾನು ನಾಚಿಕೆ ಬಿಟ್ಟು ಶ್ರವಣಸಾಧನ ಹಾಕಿಕೊಳ್ಳಬೇಕು. ‘ಮುದುಕ ಅಂತಾರೆ ಕಣೇ’ ಎಂದದ್ದಕ್ಕೆ ‘ಇಯರ್‌ಬಡ್ ಅಂದ್ಕೋತಾರೆ ಬಿಡಿ ತಾತ’ ಎಂದಳು.

ಮೊದಲ ದಿನ ಪತ್ರಿಕೆ ಮಗುಚಿದರೆ ತಗಡು ಮಡಚಿದ ಹಾಗಾಯಿತು, ನಲ್ಲಿಯ ನೀರು ಜಲಪಾತವಾಯಿತು. ತೆಗೆದಿಡೋಣ ಎನಿಸಿತು. ಮೂರನೆಯ ವಾರಕ್ಕೆ ಎಲ್ಲ ಹದಕ್ಕೆ ಬಂತು. ಒಂದು ಬೆಳಿಗ್ಗೆ ಬೆನ್ನು ಹಾಕಿ ಕೂತು ಪದಬಂಧ ಬಿಡಿಸುತ್ತಿದ್ದೆ. ಹಿಂದಿನಿಂದ ಸಣ್ಣಗೆ ಕಿಣಿ ಎಂದಿತು. ತಿರುಗಿ ನೋಡದೆ ‘ಕಾಫಿ ತಂದೆಯಾ?’ ಎಂದೆ.

ಲೋಟ ಇಡಲು ಬಂದವಳು ಅಲ್ಲೇ ನಿಂತಳು. ‘ನಾನು ಬಂದದ್ದು ಹೇಗೆ ಗೊತ್ತಾಯ್ತು?’ ಎಂದಳು. ಮೆತ್ತಗೇ ಕೇಳಿದ್ದಳು, ನನಗೆ ಪೂರ್ತಿ ಕೇಳಿಸಿತು.

ಈ ಭಾನುವಾರ ನಿಮ್ಮ ಮನೆಯ ತಾತ ಅಥವಾ ಅಜ್ಜಿಯ ಜೊತೆ ಕೂತು ಒಂದೇ ಹಾಡನ್ನು, ಮೆತ್ತಗೆ, ಸರದಿಯ ಮೇಲೆ ಕೇಳಿ. ಏನೇನು ಕೇಳಿಸಿತೆಂದು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ಆಮೇಲೆ ತಾಳೆ ನೋಡಿ. ಟ್ಯಾಲಿ ಆಗದಿದ್ದರೆ ಇಯರ್‌ಬಡ್ ವಾಪಸ್ ಕೊಡುವ ಮೊದಲು ಕಿವಿ ತೋರಿಸಿಕೊಂಡು ಬನ್ನಿ.